ಪರೀಕ್ಷಿಸದೆ ಒಪ್ಪದ ಗುರು: ಡಾ. ಎಚ್. ನರಸಿಂಹಯ್ಯನವರು



ನಮ್ಮ ಇಗರ್ಜಿಯ ಶತಮಾನೋತ್ಸವದ ಸ್ಮರಣ ಸಂಚಿಕೆಯೆಂದ ಮೇಲೆ ಸಂತರ ಹಾಗೂ ಮಿಷನರಿ ಗುರುಗಳ ಜೀವನಚರಿತ್ರೆಗಳು ಇರುವುದು ಸಹಜ. ಅಂಥ ಪುಟಗಳ ನಡುವೆ, ದೇವರ ಹೆಸರಿನಲ್ಲಿ ನಡೆಯುವ ಪವಾಡಗಳನ್ನು ಜೀವಮಾನವಿಡೀ ಪ್ರಶ್ನಿಸಿದ ಒಬ್ಬ ವಿಚಾರವಾದಿಯ ಜೀವನವನ್ನು ನಾವು ಬರೆಯಹೊರಟಿದ್ದನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಇದಕ್ಕೆ ನಮ್ಮಲ್ಲಿ ಕಾರಣವಿದೆ. ನಮ್ಮ ಕಾರವಾರ ಧರ್ಮಕ್ಷೇತ್ರವು ಬೆಳಗಾವಿಯಿಂದ ಬೇರ್ಪಟ್ಟು ಸ್ಥಾಪನೆಯಾದುದು 1976ನೆಯ ಇಸವಿಯಲ್ಲಿ. ಪೂಜ್ಯ ವಿಲಿಯಂ ಲಿಯೊನಾರ್ಡ್ ಡಿಮೆಲ್ಲೊ ಅವರು ನಮ್ಮ ಪ್ರಥಮ ಧರ್ಮಾಧ್ಯಕ್ಷರಾದರು. ಅದೇ ವರ್ಷ ಬೆಂಗಳೂರಿನಲ್ಲಿ, ವಿಶ್ವವಿದ್ಯಾನಿಲಯವೊಂದರ ಕುಲಪತಿಗಳು ಪವಾಡಗಳನ್ನು ವಿಜ್ಞಾನದ ರೀತಿಯಿಂದ ಪರೀಕ್ಷಿಸಲು ಒಂದು ಸಮಿತಿಯನ್ನು ರಚಿಸಿದರು. ನಾಡಿನ ಆಸ್ತಿಕರೂ ನಾಸ್ತಿಕರೂ ಅದರ ಬಗ್ಗೆ ತಿಂಗಳುಗಟ್ಟಲೆ ವಾದಿಸಿದರು. ಆಗ ಎದ್ದ ಪ್ರಶ್ನೆ ಇಂದಿಗೂ ನಮ್ಮ ಮನೆಬಾಗಿಲಲ್ಲೇ ಇದೆ. ಕೈಗಾ ಅಣುಸ್ಥಾವರದಲ್ಲಿ ಪಾಳಿ ಮುಗಿಸಿ ಭಾನುವಾರದ ಪೂಜೆಗೆ ಬರುವ ತರುಣನ ಮನಸ್ಸಿನಲ್ಲಿ ಅದು ಏಳದೆ ಇರುವುದು ಹೇಗೆ?

ಹೊಸೂರು ನರಸಿಂಹಯ್ಯನವರು 1920ರ ಜೂನ್ 6ರಂದು ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ ಜನಿಸಿದರು. ಆಗ ಅದು ಕೋಲಾರ ಜಿಲ್ಲೆಗೆ ಸೇರಿತ್ತು. ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಬಡ ಕುಟುಂಬ. ಊರಿನ ಶಾಲೆಯ ಓದು ಮುಗಿದ ಮೇಲೆ ಮುಂದೆ ಓದಬೇಕೆಂಬ ಹಂಬಲವಿತ್ತು, ಪ್ರಯಾಣಕ್ಕೆ ಹಣವಿರಲಿಲ್ಲ. 1935ರಲ್ಲಿ ಆ ಹುಡುಗ ನಡೆದೇ ಬೆಂಗಳೂರು ಸೇರಿ, ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿಕೊಂಡನು. ಮರುವರ್ಷ ಆ ಶಾಲೆಗೆ ಮಹಾತ್ಮಾ ಗಾಂಧಿಯವರು ಬಂದಾಗ, ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳುವ ಭಾಗ್ಯ ಈ ಹಳ್ಳಿಯ ಹುಡುಗನದಾಯಿತು. ಅಂದು ಹಿಡಿದ ಖಾದಿಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗ 1942ರ ಚಳವಳಿ ಬಂದಿತು. ನರಸಿಂಹಯ್ಯನವರು ಓದನ್ನು ನಿಲ್ಲಿಸಿ ಚಳವಳಿಗೆ ಧುಮುಕಿದರು. ಬೆಂಗಳೂರು, ಮೈಸೂರು, ಪುಣೆಯ ಯರವಡಾ ಸೆರೆಮನೆಗಳನ್ನು ಕಂಡರು. ಹೊರಬಂದು ಓದು ಮುಗಿಸಿ 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಬೀಜದ ಭೌತಶಾಸ್ತ್ರದಲ್ಲಿ ಸಂಶೋಧನೆ ನಡೆಸಿ 1960ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿಯೇ ನೆಲೆಸಿದ್ದರೆ ಸುಖವಾಗಿ ಬಾಳಬಹುದಿತ್ತು. ಅವರು ಹಿಂದಿರುಗಿ ತಮ್ಮ ಕಾಲೇಜಿನ ಪ್ರಾಂಶುಪಾಲರಾದರು. ವಿವಾಹವಾಗಲಿಲ್ಲ. ವಿದ್ಯಾರ್ಥಿಗಳೊಡನೆ ಹಾಸ್ಟೆಲಿನ ಒಂದು ಕೋಣೆಯಲ್ಲಿ ಐದು ದಶಕಗಳಿಗೂ ಮೀರಿ ವಾಸಿಸಿದರು. ಕುಲಪತಿಗಳಾದ ಮೇಲೂ ಆ ಕೋಣೆಯೇ ಅವರ ಮನೆ. ದಾರಿದ್ರ್ಯ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳನ್ನು ನಮ್ಮ ಸಂನ್ಯಾಸಿಗಳು ದೇವರ ಮುಂದೆ ಸ್ವೀಕರಿಸುತ್ತಾರೆ. ಯಾವ ವ್ರತವನ್ನೂ ಸ್ವೀಕರಿಸದ ಈ ಮನುಷ್ಯನಲ್ಲಿ ಅವುಗಳಲ್ಲಿ ಮೊದಲಿನ ಎರಡು ಸದ್ದಿಲ್ಲದೆ ನೆಲೆಸಿದ್ದವು.

1962ರಲ್ಲಿ ಅವರು ಬೆಂಗಳೂರು ಸೈನ್ಸ್ ಫೋರಂ ಎಂಬ ಸಂಸ್ಥೆಯನ್ನು ಕಟ್ಟಿದರು. ದೊಡ್ಡ ವಿಜ್ಞಾನಿಗಳು ಬಂದು ಸಾಮಾನ್ಯ ಜನರಿಗೆ ತಿಳಿಯುವಂತೆ ಉಪನ್ಯಾಸ ಕೊಡಬೇಕು, ಕೇಳಿದವರು ಅಂಜದೆ ಪ್ರಶ್ನೆ ಹಾಕಬೇಕು ಎಂಬುದು ಅದರ ಉದ್ದೇಶ. 1980ರ ದಶಕದಲ್ಲಿ ನಾವು ಬೆಂಗಳೂರಿನ ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಅಂಥ ಉಪನ್ಯಾಸವೊಂದಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆವು. ಬಿಳಿಯ ಖಾದಿ ಉಡುಪಿನ, ಗಾಂಧಿ ಟೋಪಿಯ ಆ ಹಿರಿಯರನ್ನು ದೂರದಿಂದ ನೋಡಿದ್ದಷ್ಟೇ, ಮಾತನಾಡುವ ಧೈರ್ಯವಾಗಲಿಲ್ಲ.

ಇನ್ನು 1976ರ ಪ್ರಸಂಗ. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ನರಸಿಂಹಯ್ಯನವರು ಪವಾಡಗಳನ್ನೂ ಪರೀಕ್ಷೆಗೆ ಒಳಪಡುವ ಇತರ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಶೋಧಿಸುವ ಸಮಿತಿಯನ್ನು ತಮ್ಮ ಅಧ್ಯಕ್ಷತೆಯಲ್ಲಿ ನೇಮಿಸಿದರು. ಶೂನ್ಯದಿಂದ ವಿಭೂತಿ, ಉಂಗುರ ಮೊದಲಾದವನ್ನು ಸೃಷ್ಟಿಸುವರೆಂದು ಲಕ್ಷಾಂತರ ಭಕ್ತರು ನಂಬಿದ್ದ ಪುಟ್ಟಪರ್ತಿಯ ಶ್ರೀ ಸತ್ಯಸಾಯಿ ಬಾಬಾ ಅವರಿಗೆ ಮೂರು ಪತ್ರಗಳನ್ನು ಬರೆದರು. ಸಮಿತಿಯ ಎದುರಿನಲ್ಲಿ, ಮೋಸಕ್ಕೆ ಅವಕಾಶವಿಲ್ಲದ ಸ್ಥಿತಿಯಲ್ಲಿ, ಆ ಕಾರ್ಯಗಳನ್ನು ಮಾಡಿ ತೋರಿಸಬೇಕೆಂಬುದು ಪತ್ರಗಳ ತಾತ್ಪರ್ಯ. ಉತ್ತರ ಬರಲಿಲ್ಲ. ಆದರೆ ಅದೇ ವರ್ಷ ಮುಂಬಯಿಯ ವಾರಪತ್ರಿಕೆಯೊಂದಕ್ಕೆ ಕೊಟ್ಟ ಸಂದರ್ಶನದಲ್ಲಿ ಬಾಬಾ ಅವರು, ವಿಜ್ಞಾನದ ಶೋಧನೆ ಇಂದ್ರಿಯಗಳ ಮೇರೆಯೊಳಗೆ ಮಾತ್ರ ನಡೆಯಬಲ್ಲದು, ಅಧ್ಯಾತ್ಮವು ಆ ಮೇರೆಗೆ ಅತೀತವಾದುದು ಎಂಬ ಅರ್ಥದ ಸಮಾಧಾನ ಹೇಳಿದರು.

ಇದೇ ಕಾಲದಲ್ಲಿ ಮೈಸೂರಿನ ಬಳಿಯ ಪಾಂಡವಪುರದಲ್ಲಿ ಒಬ್ಬ ಪುಟ್ಟ ಬಾಲಕನು ಕೈಯಿಂದ ವಿಭೂತಿ ಉದುರಿಸುವನೆಂದು ಜನಸಂದಣಿ ಸೇರುತ್ತಿತ್ತು. ಸಮಿತಿಯವರು ಅಲ್ಲಿಗೆ ಹೋಗಿ ನೋಡಿದರು. ವಿಭೂತಿಯು ಮಗುವಿನ ಉಡುಪಿನೊಳಗೆ ಅಡಗಿಸಿಟ್ಟುದೆಂದು ಬಯಲಾಯಿತು. ತಪ್ಪು ಆ ಮಗುವಿನದಲ್ಲ. ಮಗುವನ್ನು ಮುಂದಿಟ್ಟುಕೊಂಡ ಹಿರಿಯರದು.

ನಾಡಿನಲ್ಲಿ ಕೋಲಾಹಲವೆದ್ದಿತು. ವಿಶ್ವವಿದ್ಯಾನಿಲಯಕ್ಕೆ ಈ ಉಸಾಬರಿ ಏಕೆಂದರು ಕೆಲವರು. ಕುಲಪತಿಗಳು ನಾಸ್ತಿಕರು, ಧರ್ಮದ್ರೋಹಿಗಳು ಎಂದರು ಹಲವರು. ಇನ್ನೊಂದು ಪಕ್ಷದವರು, ಉತ್ತರ ಬಾರದಿರುವುದೇ ದೇವರಿಲ್ಲವೆಂಬುದಕ್ಕೆ ಸಾಕ್ಷಿಯೆಂಬಂತೆ ಸಂಭ್ರಮಿಸಿದರು. ಸಮಿತಿ ಬಹುಕಾಲ ಬಾಳಲಿಲ್ಲ. 1977ರಲ್ಲಿ ನರಸಿಂಹಯ್ಯನವರ ಅಧಿಕಾರಾವಧಿಯೂ ಮುಗಿಯಿತು.

ಅನ್ಯಮತದವರಿಗೆ ಬಂದ ಈ ಇಕ್ಕಟ್ಟನ್ನು ನೋಡಿ ಕ್ರೈಸ್ತರಾದ ನಾವು ಒಳಗೊಳಗೆ ಹಿಗ್ಗುವುದು ಸರಿಯಲ್ಲ. ಆ ಮೂರು ಪತ್ರಗಳು ನಮ್ಮ ಹೆಸರಿಗೆ ಬಂದಿದ್ದರೆ ಏನು ಮಾಡುತ್ತಿದ್ದೆವು ಎಂದು ಕೇಳಿಕೊಳ್ಳುವುದು ಸರಿ. ಇಲ್ಲಿ ಎರಡು ಮಾತುಗಳನ್ನು ಬೇರೆಬೇರೆಯಾಗಿ ನೋಡಬೇಕು. ಮೊದಲನೆಯದು, ಪರೀಕ್ಷೆಗೆ ನಿಲ್ಲದ ಮಾತ್ರಕ್ಕೆ ಯಾರೂ ವಂಚಕರೆಂದು ಸಿದ್ಧವಾಗುವುದಿಲ್ಲ. ಫರಿಸಾಯರು ಸೂಚಕಕಾರ್ಯವನ್ನು ಕೇಳಿದಾಗ ನಮ್ಮ ಸ್ವಾಮಿಯೂ ಅದನ್ನು ತೋರಿಸಲಿಲ್ಲ. ಹೆರೋದನ ಆಸ್ಥಾನದಲ್ಲಿ ಮೌನವಾಗಿಯೇ ನಿಂತರು. ಎರಡನೆಯದು, ಬೂದಿ, ಎಣ್ಣೆ, ನೀರು, ರೋಗ ಇವು ಕಣ್ಣಿಗೆ ಕಾಣುವ ವಸ್ತುಸ್ಥಿತಿಗಳು. ಇವುಗಳ ಬಗ್ಗೆ ಸಾರ್ವಜನಿಕವಾಗಿ ಏನನ್ನಾದರೂ ಸಾರಿದ ಮೇಲೆ, ಅದು ನಿಜವೋ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಆಗ ಶ್ರದ್ಧೆಯ ಹಿಂದೆ ಅವಿತುಕೊಳ್ಳುವಂತಿಲ್ಲ.

ಧರ್ಮಸಭೆಯ ರೀತಿಯೂ ಇದೇ. ಫ್ರಾನ್ಸಿನ ಲೂರ್ದ್ ಪುಣ್ಯಕ್ಷೇತ್ರದಲ್ಲಿ ಗುಣವಾದೆವೆಂದು ಹೇಳುವವರ ರೋಗವನ್ನು ಪರಿಶೀಲಿಸಲು 1883ರಿಂದಲೂ ವೈದ್ಯರ ಕಾರ್ಯಾಲಯವಿದೆ. ಯಾವ ಮತದ ವೈದ್ಯರೂ, ಮತವೇ ಇಲ್ಲದ ವೈದ್ಯರೂ ಅಲ್ಲಿ ಪರಿಶೀಲನೆಯಲ್ಲಿ ಭಾಗವಹಿಸಬಹುದು. ಇದುವರೆಗೆ ದಾಖಲಾದ ಏಳು ಸಾವಿರಕ್ಕೂ ಹೆಚ್ಚು ಪ್ರಕರಣಗಳಲ್ಲಿ ಧರ್ಮಸಭೆಯು ಅದ್ಭುತವೆಂದು ಒಪ್ಪಿಕೊಂಡವು ಎಪ್ಪತ್ತರ ಸುಮಾರು ಮಾತ್ರ. ಆದರೂ ನಮ್ಮ ಚರಿತ್ರೆಯಲ್ಲಿ ಕಲೆಗಳಿಲ್ಲದಿಲ್ಲ. 1633ರಲ್ಲಿ ಗೆಲಿಲಿಯೊನನ್ನು ದಂಡಿಸಿದ ತಪ್ಪನ್ನು ಜಗದ್ಗುರು ಎರಡನೆಯ ಜಾನ್ ಪೌಲರು 1992ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ನಾಸ್ತಿಕತೆ ಬೆಳೆಯುವುದರಲ್ಲಿ ನಂಬುವವರ ಪಾಲೂ ಅಲ್ಪವಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲೇ ಬೋಧಿಸಿದೆ. ತಪ್ಪು ಬೋಧನೆಯಿಂದಲೂ ತಪ್ಪು ನಡತೆಯಿಂದಲೂ ನಾವು ದೇವರ ಮುಖವನ್ನು ಮರೆಮಾಡುತ್ತೇವೆ.

ವಿಜ್ಞಾನದ ಕುದುರೆಯನ್ನೇರಿ ದೇವರನ್ನು ಸಾಧಿಸಹೊರಡುವುದೂ ಅಪಾಯವೇ. ವಿಶ್ವವು ಒಂದು ಆದಿಕಣದಿಂದ ಹಿಗ್ಗಿ ಹರಡಿತೆಂಬ ವಾದವನ್ನು 1931ರಲ್ಲಿ ಮಂಡಿಸಿದವರು ಬೆಲ್ಜಿಯಂ ದೇಶದ ಕಥೋಲಿಕ ಗುರು ಜಾರ್ಜ್ ಲೆಮೇತ್ರ್. ನಾಸ್ತಿಕ ವಿಜ್ಞಾನಿ ಫ್ರೆಡ್ ಹಾಯ್ಲ್ ಅದನ್ನು ಒಪ್ಪಲಿಲ್ಲ; ಮಹಾಸ್ಫೋಟವೆಂಬ ಹೆಸರನ್ನು ಬಳಕೆಗೆ ತಂದವರು ಅವರೇ. 1951ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸರು ಈ ಹೊಸ ಸಿದ್ಧಾಂತದಲ್ಲಿ ಸೃಷ್ಟಿಯ ಸಾಕ್ಷ್ಯವನ್ನು ಕಂಡಂತೆ ಮಾತನಾಡಿದಾಗ, ಸ್ವತಃ ಲೆಮೇತ್ರ್ ಗುರುಗಳಿಗೆ ಅದು ಹಿತವಾಗಲಿಲ್ಲ. ಭೌತಶಾಸ್ತ್ರದ ಸಿದ್ಧಾಂತ ನಾಳೆ ತಿದ್ದುಪಡಿಯಾಗಬಹುದು. ಅದರ ಮೇಲೆ ವಿಶ್ವಾಸದ ಗೋಡೆಯನ್ನು ಕಟ್ಟಬಾರದೆಂಬುದು ಅವರ ನಿಲುವು. ಹಾಗೆಯೇ, ಅದೇ ಸಿದ್ಧಾಂತದಿಂದ ದೇವರಿಲ್ಲವೆಂದು ಸಾಧಿಸುವುದೂ ಆಗದ ಮಾತು.

ಈಗ ನಮ್ಮದೇ ಒಂದು ತಪ್ಪನ್ನು ಬರೆಯಬೇಕಾಗಿದೆ. ನಾವು ಗುರುದೀಕ್ಷೆ ಪಡೆದ ಹೊಸತರಲ್ಲಿ, ಬೇರೊಂದು ಊರಿನಲ್ಲಿ ಸೇವೆಯಲ್ಲಿದ್ದಾಗ, ಕ್ಷಯರೋಗದಿಂದ ನರಳುತ್ತಿದ್ದ ಮೀನುಗಾರನೊಬ್ಬನು ಪ್ರಾರ್ಥನಾಕೂಟಕ್ಕೆ ಹೋಗಿಬಂದು, ತಾನು ಗುಣವಾದೆನೆಂದು ಹೇಳಿ ಆಸ್ಪತ್ರೆಯ ಗುಳಿಗೆಗಳನ್ನು ನಿಲ್ಲಿಸಿಬಿಟ್ಟನು. ಅವನ ಹೆಂಡತಿ ನಮ್ಮಲ್ಲಿಗೆ ಬಂದು, ಗುರುಗಳೇ, ಮದ್ದು ತೆಗೆದುಕೊಳ್ಳಬೇಕೆಂದು ನೀವಾದರೂ ಹೇಳಿ ಎಂದು ಬೇಡಿಕೊಂಡಳು. ಅವನ ವಿಶ್ವಾಸಕ್ಕೆ ಧಕ್ಕೆಯಾದೀತೆಂದು ನಾವು ಸ್ಪಷ್ಟವಾಗಿ ಏನೂ ಹೇಳಲಿಲ್ಲ, ಪ್ರಾರ್ಥಿಸೋಣವೆಂದೆವು. ಮಳೆಗಾಲ ಮುಗಿಯುವ ಮುನ್ನ ಅವನ ಅಂತ್ಯಕ್ರಿಯೆಯನ್ನು ನಾವೇ ನೆರವೇರಿಸಿದೆವು. ವೈದ್ಯನನ್ನು ಗೌರವಿಸಬೇಕು, ಔಷಧಿಯೂ ದೇವರ ಸೃಷ್ಟಿಯೇ ಎಂದು ಸಿರಾಖನ ಗ್ರಂಥದ 38ನೆಯ ಅಧ್ಯಾಯವು ಬೋಧಿಸುತ್ತದೆ. ಅದನ್ನು ಸೆಮಿನರಿಯಲ್ಲಿ ಓದಿದ್ದ ನಾವು, ಹೇಳಬೇಕಾದ ಹೊತ್ತಿನಲ್ಲಿ ಹೇಳಲಿಲ್ಲ. ಅಂದು ರಾತ್ರಿ ಬಸವನಗುಡಿಯ ಆ ಗಾಂಧಿ ಟೋಪಿಯ ಹಿರಿಯರು ನೆನಪಾದರು. ಅವರು ನಮ್ಮ ಜಾಗದಲ್ಲಿದ್ದಿದ್ದರೆ ಸುಮ್ಮನಿರುತ್ತಿರಲಿಲ್ಲ ಎಂಬುದು ನಮಗೆ ಖಚಿತವಾಗಿತ್ತು. ಆ ಮನೆಯ ಪಾಲಿಗೆ ಅಂದು ನಮ್ಮ ಭಕ್ತಿಗಿಂತ ಅವರ ಸಂದೇಹವೇ ಹೆಚ್ಚು ಕರುಣೆಯುಳ್ಳದ್ದಾಗುತ್ತಿತ್ತು.

ಹಾಗೆಂದು ನರಸಿಂಹಯ್ಯನವರ ನಿಲುವನ್ನೆಲ್ಲ ನಾವು ಒಪ್ಪಿದೆವೆಂದಲ್ಲ. ಪರೀಕ್ಷೆಗೆ ಒಳಪಡುವುದನ್ನು ಪರೀಕ್ಷಿಸಬೇಕು, ನಿಜ. ಆದರೆ ಬಾಳಿನಲ್ಲಿ ಅತಿ ದೊಡ್ಡವು ಎನಿಸಿದವುಗಳನ್ನು ತಕ್ಕಡಿಯಲ್ಲಿಟ್ಟು ತೂಗಲಾಗದು. ದೇಶಕ್ಕಾಗಿ ಓದನ್ನು ಬಿಟ್ಟು ಸೆರೆಮನೆಗೆ ಹೋದ ತರುಣನ ನಿರ್ಧಾರವನ್ನು ಯಾವ ಪ್ರಯೋಗಶಾಲೆ ಸರಿಯೆಂದು ಸಾಧಿಸೀತು? ಬಡ ಹುಡುಗರಿಗಾಗಿ ಒಂದು ಕೋಣೆಯಲ್ಲಿ ಬಾಳು ಸವೆಸುವುದು ಒಳ್ಳೆಯದೆಂದು ಯಾವ ಮಾಪಕ ತೋರಿಸೀತು? ಒಳಿತಿನ ಮೇಲೆ ಅವರಿಗಿದ್ದ ಅಚಲ ನಂಬಿಕೆಯು ವಿಜ್ಞಾನದಿಂದ ಮಾತ್ರ ಬಂದುದೆಂದು ನಮಗೆ ತೋರುವುದಿಲ್ಲ. ಆ ಒಳಿತಿನ ಮೂಲವನ್ನು ನಾವು ದೇವರೆಂದು ಕರೆಯುತ್ತೇವೆ. ಅವರು ಹಾಗೆ ಕರೆಯಲಿಲ್ಲ. ನಮ್ಮ ನಡುವಿನ ಅಂತರ ಇಷ್ಟು. ಇದು ಸಣ್ಣದಲ್ಲ, ಆದರೆ ಹಗೆತನಕ್ಕೆ ಕಾರಣವೂ ಅಲ್ಲ.

ನಿವೃತ್ತಿಯ ನಂತರ ಅವರು ನ್ಯಾಷನಲ್ ಶಿಕ್ಷಣ ಸಂಸ್ಥೆಯ ಅಧ್ಯಕ್ಷರಾಗಿ ದುಡಿದರು. ಗೌರಿಬಿದನೂರು, ಬಾಗೇಪಲ್ಲಿಯಂಥ ಹಿಂದುಳಿದ ಊರುಗಳ ಮಕ್ಕಳಿಗೆ ಕಾಲೇಜಿನ ಬಾಗಿಲು ತೆರೆಸಿದರು. 1984ರಲ್ಲಿ ಭಾರತ ಸರ್ಕಾರವು ಪದ್ಮಭೂಷಣವನ್ನಿತ್ತು ಗೌರವಿಸಿತು. ಹೋರಾಟದ ಹಾದಿ ಎಂಬ ಆತ್ಮಕಥೆಯನ್ನು ಬರೆದರು. 2005ರ ಜನವರಿ 31ರಂದು ಬೆಂಗಳೂರಿನಲ್ಲಿ ನಿಧನರಾದರು.

ಪ್ರಿಯ ಬಂಧುಗಳೇ, ಸಂತ ತೋಮಾಸರು ಗಾಯಗಳನ್ನು ಮುಟ್ಟಿ ನೋಡದೆ ನಂಬುವುದಿಲ್ಲವೆಂದಾಗ ಸ್ವಾಮಿ ಯೇಸು ಅವರನ್ನು ಹೊರಗೆ ಹಾಕಲಿಲ್ಲ. ಎಂಟು ದಿನಗಳ ನಂತರ ಬಂದು ಕೈ ಚಾಚಲು ಹೇಳಿದರು. ನಮ್ಮ ಮನೆಗಳಲ್ಲಿ ಓದಿದ ಮಕ್ಕಳು ಪ್ರಶ್ನೆ ಎತ್ತಿದಾಗ ತಂದೆತಾಯಂದಿರು ಗದರಿಸದಿರಲಿ, ಗುರುಗಳಾದ ನಾವು ಉತ್ತರ ತಿಳಿಯದಿದ್ದಲ್ಲಿ ತಿಳಿಯದೆಂದು ಒಪ್ಪಿಕೊಳ್ಳೋಣ. ರೋಗಿಗೆ ಪ್ರಾರ್ಥನೆಯೂ ಬೇಕು, ಮದ್ದೂ ಬೇಕು; ಒಂದರ ಹೆಸರಿನಲ್ಲಿ ಇನ್ನೊಂದನ್ನು ಬಿಡಿಸುವವರು ಯಾರೇ ಆಗಲಿ ಅವರ ಮಾತು ಕೇಳಬೇಡಿ. ನಮ್ಮ ಇಗರ್ಜಿಯ ಎರಡನೆಯ ಶತಮಾನವು ಸತ್ಯಕ್ಕೆ ಅಂಜದ ವಿಶ್ವಾಸದಿಂದ ಆರಂಭವಾಗಲಿ. ಸತ್ಯವನ್ನು ಪ್ರಾಮಾಣಿಕವಾಗಿ ಅರಸಿದ ಎಲ್ಲರನ್ನೂ, ತನ್ನ ಹೆಸರನ್ನು ಹೇಳದೆ ಅರಸಿದವರನ್ನೂ, ಕರುಣಾಮಯನಾದ ದೇವರು ತನ್ನ ಸನ್ನಿಧಿಯಲ್ಲಿ ಸ್ವೀಕರಿಸಲೆಂದು ನಾವು ಪ್ರಾರ್ಥಿಸುತ್ತೇವೆ.