‘ಅಣ್ಣ’ನಾಗಿಯೇ ಉಳಿದ ತಂದೆ

ಮೂಡಿಗೆರೆಯ ಕಾಫಿ ತೋಟದಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ತಂದೆ ಕುವೆಂಪು ಅವರನ್ನು ‘ಅಣ್ಣ’ ಎಂದೇ ಕರೆಯುತ್ತಿದ್ದರು.

1904ರಲ್ಲಿ ಹುಟ್ಟಿದ ಕುವೆಂಪು 1929ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾದರು. 1937ರಲ್ಲಿ ಹೇಮಾವತಿಯವರನ್ನು ಮದುವೆಯಾಗಿ ನಾಲ್ಕು ಮಕ್ಕಳ ತಂದೆಯಾದರು. ಕಾಲೇಜಿನ ಪಾಠ, ಮನೆಯಲ್ಲಿ ಪುಟ್ಟ ಮಕ್ಕಳು. ಇವುಗಳ ನಡುವೆಯೇ 1946ರಲ್ಲಿ ‘ಶ್ರೀ ರಾಮಾಯಣ ದರ್ಶನಂ’ ಬರೆದು ಮುಗಿಸಿದರು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಯಾಗಿದ್ದರು. ಅಂಥವರ ಹಿರಿಯ ಮಗ ಎಂ.ಎ. ಮುಗಿಸಿ, ನೌಕರಿ ಬೇಡವೆಂದು ತೋಟ ಮಾಡಲು ಈ ಬೆಟ್ಟಗಳಿಗೆ ಬಂದಾಗ, ತನ್ನ ದಾರಿಯನ್ನೇ ಹಿಡಿಯೆಂದು ತಂದೆ ಕಟ್ಟಿಹಾಕಲಿಲ್ಲ.

1994ರಲ್ಲಿ ಕುವೆಂಪು ತೀರಿಕೊಂಡರು. ಮಗ ಬರೆದ ‘ಅಣ್ಣನ ನೆನಪು’ ಪುಸ್ತಕದಲ್ಲಿ ಉಪಕುಲಪತಿಗಿಂತ ಮನೆಯ ಅಣ್ಣನೇ ಹೆಚ್ಚು ಕಾಣುತ್ತಾರೆ.

ದುಡಿಮೆಯಲ್ಲಿ ಮುಳುಗಿರುವ ತಂದೆಯರೇ, ನಿಮ್ಮ ಮಕ್ಕಳ ನೆನಪಿನಲ್ಲಿ ನೀವು ಯಾರಾಗಿ ಉಳಿಯುವಿರಿ?