ಸರ್ ಥಾಮಸ್ ಮನ್ರೋ ದೊರೆಯವರೂ ಮಂತ್ರಾಲಯವೂ

ನಮ್ಮ ಕುಡತಿನಿಯಿಂದ ಪಡುವಣಕ್ಕೆ ಹೊರಟವನು ಹೊಸಪೇಟೆಯ ದಾರಿಯನ್ನು ಹಿಡಿದು ಹಂಪೆಗೆ ಹೋಗಿ ತುಂಗಭದ್ರೆಯ ದಡವನ್ನು ಸೇರುವನು. ಅದೇ ಹೊಳೆಯು ಹಂಪೆಯನ್ನು ದಾಟಿ, ಸಿರುಗುಪ್ಪದ ಸೀಮೆಯ ಅಂಚಿನಲ್ಲಿ ಹರಿದು, ಮೂಡಣದಲ್ಲಿ ಮಂತ್ರಾಲಯವನ್ನು ಮುಟ್ಟುತ್ತದೆ. ಹಂಪೆಗೂ ಮಂತ್ರಾಲಯಕ್ಕೂ ನಮ್ಮ ನೆರೆಯವರು ಯಾತ್ರೆ ಹೋಗುವುದನ್ನು ನಾವು ವರುಷವರುಷವೂ ಕಾಣುತ್ತೇವೆ. ಅಂಥ ಸ್ಥಳದ ಬಾಗಿಲಲ್ಲಿ ಕ್ರೈಸ್ತನಾದವನು ಯಾವ ಮನಸ್ಸಿನಿಂದ ನಿಲ್ಲಬೇಕು? ಪ್ರಿಯ ವಾಚಕರೇ, ಈ ಪ್ರಶ್ನೆಗೆ ಸಹಾಯವಾಗುವಂತೆ, ನಮ್ಮ ಬಳ್ಳಾರಿ ಸೀಮೆಯನ್ನು ಆಳಿದ ಒಬ್ಬ ದೊರೆಯವರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇವೆ.

ಥಾಮಸ್ ಮನ್ರೋರವರು 1761ನೆಯ ಇಸವಿಯಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ ಹುಟ್ಟಿದರು. ತಂದೆಯವರು ಅಮೇರಿಕದೊಡನೆ ವ್ಯಾಪಾರ ಮಾಡುತ್ತಿದ್ದರು. ಅಲ್ಲಿ ಯುದ್ಧವೆದ್ದದ್ದರಿಂದ ವ್ಯಾಪಾರವು ಮುರಿದುಬಿದ್ದು, ಮನೆಯವರು ಕಷ್ಟಕ್ಕೆ ಒಳಗಾದರು. ಮಗನು ಕಂಪೆನಿಯ ಸೈನ್ಯವನ್ನು ಸೇರಿ 1780ರಲ್ಲಿ ಮದ್ರಾಸಿಗೆ ಬಂದಿಳಿದರು. ಮೊದಲು ಹೈದರಾಲಿಯ ಮೇಲಣ ಯುದ್ಧದಲ್ಲಿ ಸಿಪಾಯಿಯ ಜೀವನ. 1792ರಿಂದ ಬಾರಾಮಹಲಿನಲ್ಲಿ ಕಂದಾಯದ ಕೆಲಸ. 1799ರಲ್ಲಿ ಟೀಪು ಸುಲ್ತಾನನು ಮಡಿದ ಮೇಲೆ ಕನ್ನಡ ಜಿಲ್ಲೆಯ ಆಡಳಿತ. 1800ರಲ್ಲಿ ನಿಜಾಮನು ಬಳ್ಳಾರಿ, ಕಡಪ ಮುಂತಾದ ಸೀಮೆಗಳನ್ನು ಕಂಪೆನಿಗೆ ಬಿಟ್ಟುಕೊಟ್ಟಾಗ ಇವರೇ ಅವುಗಳಿಗೆ ಕಲೆಕ್ಟರರಾಗಿ ಬಂದು, 1807ರ ವರೆಗೆ ಇದ್ದರು.

ಆಗ ಈ ನಾಡು ಯುದ್ಧಗಳಿಂದ ಜರ್ಜರಿತವಾಗಿತ್ತು. ಸುಮಾರು 80 ಮಂದಿ ಪಾಳೆಯಗಾರರು ತಮ್ಮ ತಮ್ಮ ಕೋಟೆಗಳಲ್ಲಿ ಕುಳಿತು ರೈತರನ್ನು ಸುಲಿಯುತ್ತಿದ್ದರು. ಮನ್ರೋ ದೊರೆಯವರು ಅವರ ಬಲವನ್ನು ಮುರಿದರು. ಅದರಲ್ಲಿ ಕಾಠಿಣ್ಯವೂ ಇತ್ತು. ತರುವಾಯ ಹೊಲಗಳನ್ನು ಅಳತೆಮಾಡಿಸಿ, ಮಧ್ಯಸ್ಥರಿಲ್ಲದೆ ಒಬ್ಬೊಬ್ಬ ರೈತನ ಸಂಗಡ ನೇರವಾಗಿ ಕಂದಾಯವನ್ನು ಗೊತ್ತುಮಾಡುವ ಪದ್ಧತಿಯನ್ನು ನಡಿಸಿದರು. ಇದನ್ನೇ ರೈತವಾರಿ ಎನ್ನುತ್ತಾರೆ. ಕಚೇರಿಯಲ್ಲಿ ಕುಳಿತು ಕಾಗದವನ್ನು ನೋಡಿ ತೀರ್ಪು ಕೊಡುವುದು ಅವರಿಗೆ ಒಪ್ಪದು. ಡೇರೆಯನ್ನು ಹೊಡಿಸಿಕೊಂಡು ಊರಿಂದೂರಿಗೆ ಸಂಚರಿಸಿ, ಜನರ ಅಹವಾಲನ್ನು ತಾವೇ ಕೇಳುತ್ತಿದ್ದರು. ಕಂದಾಯವು ಹೆಚ್ಚಾಗಿದೆಯೆಂದು ಅವರ ಮನಸ್ಸಿಗೆ ಬಂದಾಗ, ಅದನ್ನು ಮುಚ್ಚಿಡದೆ, ನಾಲ್ಕರಲ್ಲಿ ಒಂದು ಪಾಲನ್ನು ಇಳಿಸಬೇಕೆಂದು 1807ರಲ್ಲಿ ಮೇಲಣವರಿಗೆ ಬರೆದರು. ಆ ಮಾತು ಆಗ ನಡೆಯಲಿಲ್ಲ. ಅವರೇ ಗವರ್ನರರಾದ ಮೇಲೆ ಅದು ಕೈಗೂಡಿತು.

ಮಂತ್ರಾಲಯದ ಸಂಗತಿಯು ಈ ಕಲೆಕ್ಟರರ ಕಾಲದ್ದೆಂದು ಜನರು ಹೇಳುತ್ತಾರೆ. ಮಂಚಾಲೆಯೆಂಬುದು ಆ ಊರಿನ ಹಳೆಯ ಹೆಸರು. ಮಾಧ್ವ ಮತದ ಗುರುಗಳಾದ ರಾಘವೇಂದ್ರ ಸ್ವಾಮಿಗಳು 1671ರಲ್ಲಿ ಅಲ್ಲಿ ವೃಂದಾವನವನ್ನು ಪ್ರವೇಶಿಸಿದರು. ಆ ಊರನ್ನು ಮಠಕ್ಕೆ ಕೊಟ್ಟವನು ಆದವಾನಿಯ ಮುಸಲ್ಮಾನ ಅಧಿಪತಿಯು. ಆಗ ಬಳ್ಳಾರಿ ಸೀಮೆಗೆ ಸೇರಿದ್ದ ಆದವಾನಿ ತಾಲ್ಲೂಕು 1953ರಲ್ಲಿ ಆಂಧ್ರಕ್ಕೆ ಹೋಯಿತು.

ಕಥೆಯು ಹೀಗಿದೆ. ಮಠದ ಇನಾಮು ಭೂಮಿಯನ್ನು ಸರಕಾರಕ್ಕೆ ಎಳೆದುಕೊಳ್ಳಬೇಕೆಂಬ ವಿಚಾರವೆದ್ದಾಗ, ಮನ್ರೋ ದೊರೆಯವರು ತಾವೇ ಅಲ್ಲಿಗೆ ಹೋದರು. ಬಾಗಿಲಲ್ಲಿ ಟೋಪಿಯನ್ನೂ ಪಾದರಕ್ಷೆಯನ್ನೂ ತೆಗೆದಿಟ್ಟು ಒಳಗೆ ಹೋದರು. ವೃಂದಾವನದ ಮುಂದೆ ನಿಂತು ಯಾರೊಡನೆಯೋ ಬಹಳ ಹೊತ್ತು ಮಾತಾಡಿದರು. ಸಂಗಡಿಗರಿಗೆ ಇವರ ಸ್ವರವೊಂದೇ ಕೇಳಿಸಿತು. ಸ್ವಾಮಿಗಳೇ ಪ್ರತ್ಯಕ್ಷರಾಗಿ ಮಠದ ಹಕ್ಕನ್ನು ವಿವರಿಸಿದರೆಂದೂ, ದೊರೆಯವರು ಮಂತ್ರಾಕ್ಷತೆಯನ್ನು ಸ್ವೀಕರಿಸಿ ಭೂಮಿಯನ್ನು ಮಠಕ್ಕೇ ಉಳಿಸಿದರೆಂದೂ ಹೇಳುತ್ತಾರೆ.

ಇದು ಬಾಯಿಂದ ಬಾಯಿಗೆ ಬಂದ ಕಥೆ. ಮೃತರಾದವರು ಪ್ರತ್ಯಕ್ಷರಾಗಿ ಮಾತಾಡಿದರೆಂಬುದನ್ನು ನಾವು ನಂಬುವವರಲ್ಲ. ಆದರೆ ನೆರೆಯವನು ಭಕ್ತಿಯಿಂದ ಹೇಳುವುದನ್ನು ಹಾಸ್ಯಮಾಡುವುದೂ ನಮಗೆ ಯೋಗ್ಯವಲ್ಲ. ಜನರು ಇಂಥ ಕಥೆಯನ್ನು ಎಲ್ಲ ಅಧಿಕಾರಿಗಳ ಹೆಸರಿಗೂ ಕಟ್ಟುವುದಿಲ್ಲ. ತಾನೇ ಹೋಗಿ, ಕೇಳಿ, ತಿಳಿದ ಮೇಲೆ ತೀರ್ಪು ಕೊಡುವವನೆಂದು ಹೆಸರು ಪಡೆದವನಿಗೇ ಕಟ್ಟುತ್ತಾರೆ. ಈ ಸೀಮೆಯವರು ಮಕ್ಕಳಿಗೆ ಮನ್ರೋಲಪ್ಪನೆಂದು ಹೆಸರಿಟ್ಟದ್ದೂ ಇದರಿಂದಲೇ.

ಇನ್ನೊಂದು ಸಂಗತಿಯುಂಟು; ಅದು ಕಥೆಯಲ್ಲ, ಬರಹದಲ್ಲಿರುವುದು. 1820ರಲ್ಲಿ ಮನ್ರೋರವರು ಮದ್ರಾಸಿನ ಗವರ್ನರರಾದರು. ಆಗ ಬಳ್ಳಾರಿಯ ಒಬ್ಬ ಸಬ್‌ಕಲೆಕ್ಟರನು ಕ್ರೈಸ್ತಮತವನ್ನು ಹರಡುವ ಕೆಲಸದಲ್ಲಿ ಕೈಹಾಕಿದನು. ಗವರ್ನರರು ಮೆಚ್ಚುವರೆಂದು ಅವನು ಎಣಿಸಿರಬಹುದು. ಆದರೆ 1822ರ ನವಂಬರ್ ತಿಂಗಳಲ್ಲಿ ಮನ್ರೋರವರು ಅದನ್ನು ಆಕ್ಷೇಪಿಸಿ ಬರೆದರು. ಕಂದಾಯವನ್ನು ಎತ್ತುವ ಅಧಿಕಾರವುಳ್ಳವನು ಮತದ ವಿಷಯದಲ್ಲಿ ಬಾಯಿ ತೆರೆದರೆ, ಬಡರೈತನು ಅದನ್ನು ಬೋಧನೆಯೆಂದು ಕೇಳುವನೋ, ಹುಕುಮೆಂದು ಕೇಳುವನೋ?

ಈ ಆಕ್ಷೇಪಣೆಯು ಮೊದಲು ನಮಗೆ ಕಹಿಯಾಗಿ ತೋರಬಹುದು. ಆದರೆ ಅದೇ ಬಳ್ಳಾರಿಯಲ್ಲಿ 1810ರಿಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೋಧಕರು ಸೇವೆಮಾಡುತ್ತಿದ್ದರೆಂಬುದನ್ನು ನೆನಸಿರಿ. ಅವರ ಕೈಯಲ್ಲಿ ಕಂದಾಯದ ಲೆಕ್ಕವಿರಲಿಲ್ಲ, ಸೆರೆಮನೆಯ ಬೀಗದ ಕೈಯಿರಲಿಲ್ಲ. ಅವರು ಕನ್ನಡವನ್ನು ಕಲಿತು ಸತ್ಯವೇದವನ್ನು ನಮ್ಮ ಭಾಷೆಗೆ ತಿರುಗಿಸಿದರು. ಆ ಪುಸ್ತಕವನ್ನು ಭಯದಿಂದ ಯಾರೂ ತೆಗೆದುಕೊಳ್ಳಬೇಕಾಗಿರಲಿಲ್ಲ. ದೊರೆಗೆ ಹೆದರಿ ಬಾಗಿದ ತಲೆಯು ದೊರೆಯು ಹೋದೊಡನೆ ಏಳುವುದು. ಮನಸ್ಸಿನಿಂದ ನಂಬಿದವನು ಮಾತ್ರವೇ ನಿಲ್ಲುವನು.

1827ರಲ್ಲಿ ಮನ್ರೋರವರು ಸ್ವದೇಶಕ್ಕೆ ಹೊರಡುವ ಮುಂಚೆ ಈ ಸೀಮೆಯ ಜನರನ್ನು ಕಡೆಯ ಸಾರಿ ನೋಡಬೇಕೆಂದು ಸಂಚಾರ ಹೊರಟರು. ದಾರಿಯಲ್ಲಿ ವಾಂತಿಭೇದಿ ತಗಲಿ, ಜುಲೈ 6ರಲ್ಲಿ ಪತ್ತಿಕೊಂಡದಲ್ಲಿ ತೀರಿಹೋದರು. ದೇಹವನ್ನು ಗುತ್ತಿಯಲ್ಲಿ ಹೂಳಿಟ್ಟು, ತರುವಾಯ ಮದ್ರಾಸಿನ ಕೋಟೆಯ ಸೆಂಟ್ ಮೇರಿ ದೇವಾಲಯಕ್ಕೆ ಒಯ್ದರು. ಪತ್ತಿಕೊಂಡದಲ್ಲಿ ಅವರ ಜ್ಞಾಪಕಕ್ಕಾಗಿ ಬಾವಿಯನ್ನು ತೋಡಿಸಿ ತೋಪನ್ನು ಬೆಳಸಿದರು.

ಪ್ರಿಯರೇ, ನೆರೆಯವನ ಯಾತ್ರಾಸ್ಥಳದ ಬಾಗಿಲಲ್ಲಿ ನಿಲ್ಲುವ ಸಮಯ ನಮಗೂ ಬಂದೀತು. ನಾವು ನಂಬದೆ ಇರುವುದನ್ನು ನಂಬಿದಂತೆ ನಟಿಸಬೇಕಾಗಿಲ್ಲ. ಆದರೆ ಪಾದರಕ್ಷೆಯನ್ನು ಕಳಚಿಟ್ಟು ಮರ್ಯಾದೆಯಿಂದ ನಿಲ್ಲೋಣ. ತೀರ್ಪಿಗೆ ಮುಂಚೆ ಕೇಳೋಣ. ನಮ್ಮ ನಂಬಿಕೆಯನ್ನು ಯಾರಾದರೂ ವಿಚಾರಿಸಿದರೆ, ಬಲವನ್ನಾಗಲಿ ಆಶೆಯನ್ನಾಗಲಿ ತೋರಿಸದೆ, ನೆರೆಯವನು ನೆರೆಯವನಿಗೆ ಹೇಳುವಂತೆ ಹೇಳೋಣ.