ಮಿದುಳಿನ ಅಲೆಗಳನ್ನು ಮೊದಲು ಕಂಡ ಹಾನ್ಸ್ ಬರ್ಗರ್

ಮನೆಯ ಹಿರಿಯರಿಗೆ ಮರೆವು ಹೆಚ್ಚಾದಾಗ ವೈದ್ಯರು ಕೆಲವೊಮ್ಮೆ ಇ.ಇ.ಜಿ. ಪರೀಕ್ಷೆ ಮಾಡಿಸಿ ಎನ್ನುತ್ತಾರೆ. ತಲೆಯ ತುಂಬ ತಂತಿಗಳನ್ನು ಕಂಡು ಕರೆಂಟ್ ಕೊಡುತ್ತಾರೇನೋ ಎಂದು ಹೆದರುವವರುಂಟು. ಹಾಗೇನೂ ಇಲ್ಲ. ಮಿದುಳು ತಾನೇ ಉತ್ಪಾದಿಸುವ ಅತಿ ಸೂಕ್ಷ್ಮ ವಿದ್ಯುತ್ತನ್ನು ಯಂತ್ರ ಬರೆದುಕೊಳ್ಳುತ್ತದೆ, ಅಷ್ಟೆ. ಮನುಷ್ಯನಲ್ಲಿ ಇದನ್ನು ಮೊದಲು ದಾಖಲಿಸಿದವರು ಜರ್ಮನಿಯ ಮನೋವೈದ್ಯ ಹಾನ್ಸ್ ಬರ್ಗರ್.

ಬರ್ಗರ್ ಹುಟ್ಟಿದ್ದು 1873ರ ಮೇ 21ರಂದು, ಕೋಬರ್ಗ್ ಸಮೀಪದ ನಾಯ್ಸೆಸ್‌ನಲ್ಲಿ. ಇವರ ತಾಯಿಯ ತಂದೆ ಫ್ರೆಡ್ರಿಕ್ ರ್ಯೂಕರ್ಟ್ ಹೆಸರಾಂತ ಕವಿ. ಅರಬ್ಬಿ, ಫಾರ್ಸಿ ಬಲ್ಲವರು. ಕುರ್‌ಆನಿನ ಹಲವು ಭಾಗಗಳನ್ನು ಜರ್ಮನ್ ಭಾಷೆಗೆ ತಂದವರು. ಜರ್ಮನ್ ಕಾವ್ಯಕ್ಕೆ ಗಜಲ್ ತಂದವರಲ್ಲಿ ಅವರೂ ಒಬ್ಬರು ಎಂಬುದನ್ನು ಉರ್ದು ಓದುವ ನೀವು ತಿಳಿದಿರಬೇಕು.

ಯುವಕ ಬರ್ಗರ್ ಖಗೋಳಶಾಸ್ತ್ರ ಓದಲು ಹೋಗಿ, ಅದನ್ನು ಬಿಟ್ಟು ಸೈನ್ಯ ಸೇರಿದರು. ಒಂದು ದಿನ ಕುದುರೆಯಿಂದ ಬಿದ್ದು ಫಿರಂಗಿ ಗಾಡಿಯ ಚಕ್ರಕ್ಕೆ ಸಿಗುವುದರಲ್ಲಿ ಸ್ವಲ್ಪದರಲ್ಲೇ ಪಾರಾದರು. ಅದೇ ಸಂಜೆ ಮನೆಯಿಂದ ಕ್ಷೇಮ ವಿಚಾರಿಸುವ ತಂತಿ ಬಂತು. ದೂರದಲ್ಲಿದ್ದ ಅಕ್ಕನಿಗೆ ತಮ್ಮನಿಗೇನೋ ಆಗಿದೆ ಎಂದು ಅನ್ನಿಸಿತ್ತಂತೆ. ಮನಸ್ಸಿನಿಂದ ಮನಸ್ಸಿಗೆ ಯಾವುದೋ ಶಕ್ತಿ ಹರಿಯುತ್ತದೆಂದು ಬರ್ಗರ್ ನಂಬಿದರು, ವೈದ್ಯಶಾಸ್ತ್ರಕ್ಕೆ ಬಂದರು. ಆ ಶಕ್ತಿ ಅವರಿಗೆ ಸಿಗಲೇ ಇಲ್ಲ. ಹುಡುಕುತ್ತಾ ಹೋದಾಗ ಬೇರೊಂದು ಸಿಕ್ಕಿತು.

ಯೆನಾ ನಗರದ ಆಸ್ಪತ್ರೆಯಲ್ಲಿ ದುಡಿಯುತ್ತಾ 1924ರಲ್ಲಿ, ಶಸ್ತ್ರಚಿಕಿತ್ಸೆಯಿಂದ ತಲೆಬುರುಡೆಯಲ್ಲಿ ತೆರಪಿದ್ದ 17 ವರ್ಷದ ರೋಗಿಯೊಬ್ಬನಲ್ಲಿ ಮೊದಲ ಅಲೆಗಳನ್ನು ಕಂಡರು. ಈ ವಿದ್ಯುತ್ತು ಒಂದು ವೋಲ್ಟಿನ ಲಕ್ಷದಲ್ಲಿ ಕೆಲವೇ ಭಾಗ! ಯಂತ್ರದ ದೋಷವೇ, ಸ್ನಾಯುವಿನ ಅದುರುವಿಕೆಯೇ ಎಂಬ ಸಂಶಯ ಅವರನ್ನು ಬಿಡಲಿಲ್ಲ. ಸ್ವಂತ ಮಗ ಕ್ಲಾಸ್‌ನನ್ನೇ ಕೂರಿಸಿ ಮತ್ತೆ ಮತ್ತೆ ಪರೀಕ್ಷಿಸಿ, ಐದು ವರ್ಷ ಕಾದು, 1929ರಲ್ಲಿ ಪ್ರಕಟಿಸಿದರು. ಆಗಲೂ ಹೆಚ್ಚಿನವರು ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಪ್ರಯೋಗ ಮಾಡಿ ದೃಢಪಡಿಸಿದ ಮೇಲೆಯೇ ಜಗತ್ತು ತಿರುಗಿ ನೋಡಿತು.

ಕಣ್ಣು ಮುಚ್ಚಿ ನಿರಾಳವಾಗಿ ಕುಳಿತಾಗ ಸೆಕೆಂಡಿಗೆ ಸುಮಾರು 10 ಅಲೆಗಳು ಬರುತ್ತವೆ. ಇವಕ್ಕೆ ಆಲ್ಫಾ ಎಂದು ಹೆಸರಿಟ್ಟವರು ಬರ್ಗರ್. 1930ರ ದಶಕದ ಆರಂಭದಲ್ಲೇ ಅವರು ಆಲ್ಝೈಮರ್ ರೋಗಿಯ ಅಲೆಗಳನ್ನೂ ದಾಖಲಿಸಿ, ಅವು ಸಹಜವಾಗಿಲ್ಲವೆಂದು ಗುರುತಿಸಿದರು. ಮರೆವಿನ ಕಾಯಿಲೆ ಬಲಿತಂತೆ ಅಲೆಗಳು ನಿಧಾನವಾಗಿ, ಸೆಕೆಂಡಿಗೆ 8ಕ್ಕಿಂತ ಕೆಳಗಿಳಿಯಬಹುದೆಂಬುದು ಈಗ ವೈದ್ಯರಿಗೆ ಗೊತ್ತು. ಆದರೆ ತೂಕಡಿಕೆಯಿಂದಲೂ ಕೆಲವು ಔಷಧಿಗಳಿಂದಲೂ ಹೀಗಾಗುತ್ತದೆ. ವಯಸ್ಸಾದಂತೆ ತುಸು ನಿಧಾನವಾಗುವುದೂ ಉಂಟು. ಆದ್ದರಿಂದ ಒಂದೇ ಇ.ಇ.ಜಿ. ನೋಡಿ ಆಲ್ಝೈಮರ್ ಎಂದು ತೀರ್ಮಾನಿಸುವುದಿಲ್ಲ. ಅದೇ ವ್ಯಕ್ತಿಯ ಹಳೆಯ ದಾಖಲೆ ಇದ್ದರೆ ಹೋಲಿಸಿ ನೋಡಲು ಅನುಕೂಲ. ಹಳೆಯ ರಿಪೋರ್ಟುಗಳನ್ನು ದಯವಿಟ್ಟು ರದ್ದಿಗೆ ಹಾಕಬೇಡಿ.

ಇನ್ನೊಂದು ಸಂಗತಿಯನ್ನು ನಿಮ್ಮಿಂದ ಮುಚ್ಚಿಡಲಾರೆ. ಬರ್ಗರ್ ನಾಝಿಗಳಿಂದ ನೊಂದವರೆಂದು ಹಳೆಯ ಬರಹಗಳು ಹೇಳುತ್ತಿದ್ದವು. ದಾಖಲೆಗಳನ್ನು ಹುಡುಕಿದ ಇತಿಹಾಸಕಾರರಿಗೆ ಸಿಕ್ಕಿದ್ದು ಬೇರೆ. ಮಾನಸಿಕ ರೋಗಿಗಳಿಗೆ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ನ್ಯಾಯಮಂಡಳಿಯಲ್ಲಿ ಅವರೂ ಕುಳಿತು ತೀರ್ಪು ನೀಡಿದ್ದರು. 1938ರಲ್ಲಿ ನಿವೃತ್ತರಾದರು. ದೀರ್ಘ ಖಿನ್ನತೆಯ ನಂತರ 1941ರ ಜೂನ್ 1ರಂದು ಯೆನಾದಲ್ಲಿ ತಮ್ಮ ಜೀವವನ್ನು ತಾವೇ ಕೊನೆಗಾಣಿಸಿಕೊಂಡರು.